ಮುಷ್ಟಿಯೂ ಮಣಿಕಟ್ಟೂ

ಬೆಂಗಳೂರಿನ ಕುಮಾರಿ ಅದಿತಿ ಅಶೋಕರು 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಗಾಲ್ಫ್ ಪಂದ್ಯದಲ್ಲಿ ಒಂದೇ ಹೊಡೆತದ ಅಂತರದಿಂದ ಕಂಚಿನ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಒಂದು ಹೊಡೆತಕ್ಕೆ ಇಷ್ಟು ಬೆಲೆಯುಳ್ಳ ಈ ಆಟದಲ್ಲಿ, ದಾಂಡನ್ನು ಹಿಂದಕ್ಕೆತ್ತಿ ನಿಲ್ಲಿಸಿದ ಕ್ಷಣವೇ ಪರೀಕ್ಷಾಸ್ಥಾನ. ಬಲಗೈಯಾಟಗಾರರಿಗೆ ಆಗ ಎಡ ಅಂಗೈಯ ಬೆನ್ನು ಮುಂಗೈಯೊಡನೆ ಬಹುಮಟ್ಟಿಗೆ ಸಮವಾಗಿರಬೇಕು. ಎಡಗೈಯ ಕಡೆಯ ಮೂರು ಬೆರಳುಗಳು ಸಡಿಲಬಾರದು. ಸಡಿಲಿದರೆ ದಾಂಡಿನ ಮುಖವು ತಿರುಗಿ ಚೆಂಡು ಓರೆಯಾಗಿ ಹೋದೀತು.

ವಾಚಕರೇ, ಗಾಲ್ಫನ್ನು ಕಾಣದ ದೇವದುರ್ಗ, ಮಾನ್ವಿಗಳ ಮನೆಯಂಗಳಗಳಲ್ಲಿಯೂ ಈ ಪಾಠವುಂಟು. ಕಟ್ಟಿಗೆ ಒಡೆಯುವವನು ಕೊಡಲಿಯನ್ನು ಮೇಲೆತ್ತಿದಾಗ ಹಿಡಿತವನ್ನು ಸಡಿಲಿಸಿದರೆ ಅಲಗು ಹೊರಳಿ ಕಾಲಿಗೇ ಬಂದೀತು. ಅತಿ ಬಿಗಿಯಾದ ಮುಷ್ಟಿಯೂ ದೋಷವೇ. ಅದರಿಂದ ಮಣಿಕಟ್ಟು ಸೆಟೆದು ಪೆಟ್ಟಿನ ವೇಗ ಕುಗ್ಗುವುದು. ಮಕ್ಕಳ ಕೈಗೆ ಕೊಡಲಿಯನ್ನಾಗಲಿ ದಾಂಡನ್ನಾಗಲಿ ಕೊಡುವ ಮೊದಲು ಹಿಡಿಯುವ ಬಗೆಯನ್ನು ಕಲಿಸುವುದು ಹಿರಿಯರ ಕರ್ತವ್ಯ.