ಉಗುರಿನಂಥ ಕೊಂಬು

ಈ ಸಂಚಿಕೆಯ ಮಕ್ಕಳ ಪುಟಗಳು ಘೇಂಡಾಮೃಗಕ್ಕೆ ಮೀಸಲು. ಅಚ್ಚಿಗೆ ಕಳಿಸುವ ಮುನ್ನ ಕರಡನ್ನು ನಮ್ಮ ಬೀದಿಯ ಐದಾರು ಮಕ್ಕಳಿಗೆ ಓದಿ ಹೇಳಿದೆ. ಕೊಂಬಿನಲ್ಲಿರುವುದು ಎಲುಬಲ್ಲ, ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ನೇ ಎಂಬಲ್ಲಿಗೆ ಬಂದಾಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹೆಬ್ಬೆರಳಿನ ಉಗುರು ಕಚ್ಚಿ ನೋಡಿಕೊಂಡು ಕೇಳಿದಳು: “ತಾತ, ಉಗುರು ಕತ್ತರಿಸಿದ್ರೆ ನೋಯಲ್ಲ ಅಲ್ವಾ? ಮತ್ತೆ ಅದನ್ನ ಯಾಕೆ ಸಾಯಿಸ್ತಾರೆ?”

ನನ್ನ ಕರಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೇಟೆ ತಪ್ಪು, ಕಾಡು ಉಳಿಸಬೇಕು ಎಂದೆಲ್ಲ ಬರೆದಿದ್ದೆ. ಅಷ್ಟನ್ನೂ ಹೊಡೆದುಹಾಕಿ ಮತ್ತೆ ಕೂತೆ.

ಅವಳು ಕೇಳಿದ್ದು ಸರಿಯೇ. ಆಫ್ರಿಕಾದ ಕೆಲವು ಕಾಡುಗಳಲ್ಲಿ ಪಶುವೈದ್ಯರು ಪ್ರಾಣಿಗೆ ಮತ್ತು ಬರಿಸಿ, ಬುಡ ಬಿಟ್ಟು ಕೊಂಬಿನ ಮೇಲ್ಭಾಗವನ್ನಷ್ಟೇ ಕೊಯ್ಯುತ್ತಾರೆ. ಕೊಂಬು ಮತ್ತೆ ಬೆಳೆಯುತ್ತದೆ. ಕಳ್ಳಬೇಟೆಗಾರನಿಗೆ ಅಷ್ಟು ವ್ಯವಧಾನವಿಲ್ಲ. ಕೊಂಬು ತೂಕಕ್ಕೆ ಮಾರಾಟವಾಗುವ ಸರಕು. ಗುಂಡು ಹೊಡೆದು ಕೆಡವಿ, ಮೂಗಿಗೇ ಕೊಡಲಿ ಹಾಕಿ ಬುಡಸಮೇತ ಕೀಳುತ್ತಾನೆ. ಅದನ್ನು ಔಷಧಿಯೆಂದು ನಂಬಿ ಕೊಳ್ಳುವವರು ವಿಯೆಟ್ನಾಂ, ಚೀನಾಗಳಲ್ಲಿದ್ದಾರೆ. 2021ರ ಸೆಪ್ಟೆಂಬರ್ 22ರಂದು ಅಸ್ಸಾಂ ಸರ್ಕಾರ ತನ್ನ ಖಜಾನೆಗಳಲ್ಲಿದ್ದ 2,479 ಕೊಂಬುಗಳನ್ನು ಬೊಕಾಖಾಟ್‌ನಲ್ಲಿ ಸುಟ್ಟದ್ದು ಈ ನಂಬಿಕೆಯನ್ನೇ ಸುಡುವುದಕ್ಕೆ.

ನಮ್ಮ ಭಾಷೆಯೂ ಈ ಪ್ರಾಣಿಗೆ ಖಡ್ಗಮೃಗವೆಂದು ಹೆಸರಿಟ್ಟು ಕೊಂಬಿನ ಮೇಲೇ ಕಣ್ಣು ನಿಲ್ಲಿಸಿದೆ. ನಿಜಕ್ಕೂ ಅಸ್ಸಾಮಿನ ಒಂಟಿಕೊಂಬಿನ ಗಂಡುಗಳು ಕಾದಾಡುವುದು ಹೆಚ್ಚಾಗಿ ಕೆಳದವಡೆಯ ಚೂಪು ಹಲ್ಲುಗಳಿಂದ! ಹಾಗಾಗಿ ಈ ಸಲ ಕೊಂಬು ಬಿಟ್ಟು ಉಳಿದ ಪ್ರಾಣಿಯನ್ನು ಮಕ್ಕಳಿಗೆ ತೋರಿಸಲು ಹೊರಟಿದ್ದೇವೆ. ಹತ್ತಾರು ಘೇಂಡಾಗಳು ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತವೆ. ಯಾರು ಬಂದು ಹೋದರೆಂದು ಮೂಸಿಯೇ ತಿಳಿಯುತ್ತವೆ. ತಿಂದ ಹಣ್ಣಿನ ಬೀಜ ಆ ಗುಡ್ಡೆಯಲ್ಲೇ ಮೊಳೆಯುತ್ತದೆ. ತಾಯಿ ಸುಮಾರು 16 ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಒಂದು ಸತ್ತರೆ ಆ ಜಾಗ ತುಂಬುವುದಕ್ಕೆ ಎಷ್ಟು ಕಾಲ ಬೇಕೆಂದು ಮಕ್ಕಳೇ ಲೆಕ್ಕ ಹಾಕಲಿ.

ಅಸ್ಸಾಮಿನ ಕಾಜಿರಂಗ ಮೀಸಲು ಅರಣ್ಯವಾದದ್ದು 1908ರಲ್ಲಿ. 2022ರ ಎಣಿಕೆಯಲ್ಲಿ ಅಲ್ಲಿ 2,613 ಘೇಂಡಾಗಳು ಸಿಕ್ಕವು. ಬ್ರಹ್ಮಪುತ್ರ ಉಕ್ಕಿದಾಗ ಅವು ಹೆದ್ದಾರಿ ದಾಟಿ ಕಾರ್ಬಿ ಗುಡ್ಡಗಳ ಕಡೆ ನಡೆಯುತ್ತವೆ. ಆ ದಿನಗಳಲ್ಲಿ ವಾಹನಗಳ ವೇಗಕ್ಕೆ ಕಡಿವಾಣ ಹಾಕುತ್ತಾರೆ.

ನಡುಪುಟದ ಚಿತ್ರದಲ್ಲಿ ಆ ಲದ್ದಿಗುಡ್ಡೆ ಇದೆ, ಅದರ ಮೇಲೆ ಎರಡೆಲೆಯ ಸಸಿಯೂ ಇದೆ. ಹುಡುಗಿಯ ಪ್ರಶ್ನೆಯನ್ನು ಚಿತ್ರದ ಕೆಳಗೆ ಅವಳ ಮಾತಿನಲ್ಲೇ ಅಚ್ಚು ಹಾಕಿದ್ದೇವೆ.