ಹೆಸರಿನ ಮರೆ ಯಾರಿಗೆ ಬೇಕು?

ಮಧುಗಿರಿ ಶಾಸಕ ಕೆ.ಎನ್. ರಾಜಣ್ಣ 2025ರ ಆಗಸ್ಟ್ 11ರಂದು ಸಂಪುಟದಿಂದ ವಜಾ ಆದರು. ಮತಗಳ್ಳತನದ ವಿರುದ್ಧ ಅವರದೇ ಪಕ್ಷ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಪ್ರತಿಭಟಿಸಿ ಆಗ ಮೂರು ದಿನವಾಗಿತ್ತಷ್ಟೆ. ಮತದಾರರ ಪಟ್ಟಿ ತಯಾರಾದಾಗ ಅಧಿಕಾರದಲ್ಲಿದ್ದದ್ದು ನಮ್ಮದೇ ಸರ್ಕಾರ, ಆಗೇಕೆ ಸುಮ್ಮನಿದ್ದೆವು ಎಂಬರ್ಥದಲ್ಲಿ ಅವರು ಬಹಿರಂಗವಾಗಿಯೇ ಮಾತಾಡಿದ್ದರು. ಆ ಮಾತಿನ ಸರಿತಪ್ಪು ಏನೇ ಇರಲಿ, ಹೇಳಿದವರು ಯಾರೆಂದು ಜನಕ್ಕೆ ಗೊತ್ತಿತ್ತು. ಅದಕ್ಕೆ ತಕ್ಕ ಬೆಲೆಯನ್ನೂ ಅವರು ತೆತ್ತರು.

ಆದರೆ ‘ಹೆಸರು ಹೇಳಲಿಚ್ಛಿಸದ ಹಿರಿಯ ಸಚಿವ’ರ ಕುರ್ಚಿ ಎಂದೂ ಅಲುಗಾಡುವುದಿಲ್ಲ. ಮುಖ್ಯಮಂತ್ರಿ ಬದಲಾಗುತ್ತಾರೆ, ಹೈಕಮಾಂಡ್ ಮುನಿದಿದೆ, ಇಂಥವರಿಗೆ ಕೊಕ್ ಖಚಿತ ಎಂದು ತೇಲಿಬಿಡುವವರು ಇವರೇ. ಸುದ್ದಿ ನಿಜವಾದರೆ ಲಾಭ, ಸುಳ್ಳಾದರೆ ಹೊಣೆ ಪತ್ರಿಕೆಯದು. ಅಧಿಕಾರ, ಕಾರು, ಗನ್‌ಮ್ಯಾನ್ ಎಲ್ಲ ಇರುವವರಿಗೆ ವರದಿಗಾರರು ಈ ರಕ್ಷಣೆಯನ್ನೂ ಕೊಡುವುದು ಏತಕ್ಕೆ?

ಅದು ನಿಜಕ್ಕೂ ಬೇಕಾದದ್ದು ಪಾವಗಡದ ನೀರುಗಂಟಿಗೆ. ಫ್ಲೋರೈಡ್ ನೀರಿನ ಆ ತಾಲ್ಲೂಕಿನಲ್ಲಿ ಯಾವ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ, ಕಾಗದದಲ್ಲಿ ಯಾವುದು ನಡೆಯುತ್ತಿದೆ ಎಂಬುದು ಆತನಿಗೆ ಗೊತ್ತಿರುತ್ತದೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂಬುದೂ ಗೊತ್ತು. ಸರ್ಕಾರಿ ನೌಕರರ ಬಾಯಿಗಂತೂ ನಡತೆ ನಿಯಮಗಳದೇ ಬೀಗ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಇಂದಿಗೂ ಜಾರಿಯಾಗಿಲ್ಲ. ಸುದ್ದಿಮೂಲದ ಗುಟ್ಟಿಗೆ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆ ಕೊಡುವ ರಕ್ಷಣೆ ಆ ಮಂಡಳಿಯ ವಿಚಾರಣೆಗಷ್ಟೇ ಸೀಮಿತ, ನ್ಯಾಯಾಲಯದಲ್ಲಿ ನಡೆಯದು. ನ್ಯಾಯಾಲಯದಲ್ಲೂ ಈ ರಕ್ಷಣೆ ಸಿಗುವಂತೆ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿ ತರಲು ಕಾನೂನು ಆಯೋಗ 1983ರಲ್ಲೇ ಸೂಚಿಸಿತ್ತು. 2024ರ ಜುಲೈನಲ್ಲಿ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದಕ್ಕೆ ಜಾಗ ಸಿಗಲಿಲ್ಲ.

ಹೀಗಿರುವಾಗ ಸಣ್ಣ ನೌಕರ ಮಾತಾಡಬೇಕೆ? ಮಾತಾಡಬೇಕು, ಆದರೆ ಕರಾರು ಮೊದಲು, ಮಾತು ಆಮೇಲೆ. ಎಲ್ಲ ಹೇಳಿ ಮುಗಿಸಿ ‘ನನ್ನ ಹೆಸರು ಹಾಕಬೇಡಿ ಸಾರ್’ ಎಂದರೆ ತಡವಾಯಿತು. ಹೆಸರು ಬಿಟ್ಟರೂ ಸಾಲದು. ‘ಪಂಚಾಯಿತಿ ಸಿಬ್ಬಂದಿಯೊಬ್ಬರು’ ಎಂದು ಅಚ್ಚಾದರೆ ಸಿಬ್ಬಂದಿ ನಾಲ್ಕೇ ಜನರಿರುವ ಊರಲ್ಲಿ ಮಧ್ಯಾಹ್ನದೊಳಗೆ ಪತ್ತೆ. ಊರು, ಹುದ್ದೆ, ಭೇಟಿಯ ದಿನ ಯಾವುದೂ ಬರಕೂಡದು. ಬಾಯಿಮಾತಿಗಿಂತ ದಾಖಲೆಯ ಸುಳಿವು ಕೊಡುವುದು ಮೇಲು. ಅದರ ಪ್ರತಿಯನ್ನು ಮಾಹಿತಿ ಹಕ್ಕಿನಡಿ ವರದಿಗಾರರೇ ಪಡೆಯಲಿ.

ಹೆಸರಿಲ್ಲದ ಮಾತಿನಲ್ಲಿ ಹಗೆ ತೀರಿಸಿಕೊಳ್ಳುವವರೂ ಇದ್ದಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಮದ್ದು ಪರಿಶೀಲನೆ. ಹೇಳಿದವನನ್ನು ಬಯಲಿಗೆ ತಳ್ಳುವುದಲ್ಲ.

ಸಂಪಾದಕರು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಹೆಸರು ಹಾಕಿದರೆ ಈ ಮನುಷ್ಯ ಅನ್ನ ಕಳೆದುಕೊಳ್ಳುತ್ತಾನೋ, ಬರೀ ಮುಜುಗರಪಡುತ್ತಾನೋ? ಅನ್ನದ ಪ್ರಶ್ನೆಯಾದರೆ ಜೈಲಿಗೆ ಹೋಗಬೇಕಾದರೂ ಹೆಸರು ಕಾಯಬೇಕು. ಮುಜುಗರವಷ್ಟೇ ಆದರೆ ಹೆಸರು ಹಾಕಿ, ಇಲ್ಲವೇ ಸುದ್ದಿ ಬಿಡಿ.