ಬೈಗುಳ ಯಾವುದು, ಬೆದರಿಕೆ ಯಾವುದು?

ದೊಡ್ಡ ಕಂಪನಿಗಳ ಮುಖ್ಯಸ್ಥರ ಬಗ್ಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್‌ನಲ್ಲಿ ಯಾರು ಏನು ಬರೆಯುತ್ತಾರೆ ಎಂದು ಹಗಲು ರಾತ್ರಿ ನೋಡುವುದೇ ಈಗ ಒಂದು ವ್ಯಾಪಾರ. ಮುಖ್ಯಸ್ಥರ ಮನೆ ವಿಳಾಸ, ಮಕ್ಕಳ ಶಾಲೆ, ಪ್ರಯಾಣದ ವಿವರ ಎಲ್ಲಾದರೂ ಹರಿದಾಡಿದರೆ, ಅವರ ಹೆಸರಿನ ಜೊತೆ ಸಿಟ್ಟಿನ ಮಾತು ಬಂದರೆ, ಸಾಫ್ಟ್‌ವೇರ್ ಅದನ್ನು ಹೆಕ್ಕಿ ಕೊಡುತ್ತದೆ. ಅಪಾಯ ಎಷ್ಟು ಎಂದು ಅಂದಾಜು ಮಾಡಲು ಬೇರೆ ಜನ ಕೂತಿರುತ್ತಾರೆ. 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನ ಹೋಟೆಲೊಂದರ ಎದುರು ಯುನೈಟೆಡ್‌ಹೆಲ್ತ್‌ಕೇರ್ ವಿಮಾ ಕಂಪನಿಯ ಸಿಇಒ ಬ್ರಯಾನ್ ಥಾಂಪ್ಸನ್ ಅವರನ್ನು ಗುಂಡಿಟ್ಟು ಕೊಂದ ಮೇಲೆ ಈ ಕೆಲಸಕ್ಕೆ ಬೇಡಿಕೆ ಇನ್ನೂ ಹೆಚ್ಚಾಯಿತು. ಕೆಲವು ಕಂಪನಿಗಳು ವೆಬ್‌ಸೈಟಿನಿಂದ ಮುಖ್ಯಸ್ಥರ ಫೋಟೊಗಳನ್ನೇ ತೆಗೆದುಹಾಕಿದವು.

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ನಮ್ಮಲ್ಲೂ ಕಂಪನಿ ಮುಖ್ಯಸ್ಥರಿದ್ದಾರೆ. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಯಾವ ಕಡೆ ಹೋದರೂ ಸಕ್ಕರೆ ಕಾರ್ಖಾನೆ ಇದೆ. ಕಾರ್ಖಾನೆ ಅಂದಮೇಲೆ ಅಧ್ಯಕ್ಷರು, ಎಂಡಿ ಇರುತ್ತಾರೆ. ಕಬ್ಬಿನ ದರ ಕಡಿಮೆಯಾದಾಗ, ಬಿಲ್ ತಡವಾದಾಗ ಊರೂರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಇವರ ಹೆಸರೇ ಓಡಾಡುತ್ತದೆ. ಆ ನಿಗಾ ವ್ಯಾಪಾರ ಇಲ್ಲಿಗೆ ಬರಲು ಬಹಳ ದಿನ ಬೇಕಿಲ್ಲ. ನನ್ನ ಮಾತು ಇಷ್ಟೇ: ಜೀವಕ್ಕೆ ಬೆದರಿಕೆ ಬಂದರೆ ಖಂಡಿತ ನಿಗಾ ಇಡಲಿ, ಪೊಲೀಸರಿಗೆ ಹೇಳಲಿ. ಆದರೆ ಆ ಹೆಸರಿನಲ್ಲಿ ಸಿಟ್ಟಾದ ರೈತರ ಪಟ್ಟಿ ಮಾಡಬಾರದು.

ಬೆದರಿಕೆ ಎಂಬುದು ಬರೀ ಭ್ರಮೆ ಎಂದು ನಾನು ಹೇಳುತ್ತಿಲ್ಲ. 2023ರ ಜುಲೈ 11ರಂದು ಬೆಂಗಳೂರಿನ ಅಮೃತಹಳ್ಳಿಯಲ್ಲಿ ಏರೋನಿಕ್ಸ್ ಮೀಡಿಯಾ ಎಂಬ ಇಂಟರ್ನೆಟ್ ಕಂಪನಿಯ ಕಚೇರಿಗೆ ನುಗ್ಗಿ ಎಂಡಿ ಮತ್ತು ಸಿಇಒ ಇಬ್ಬರನ್ನೂ ಕೊಂದರು. ಮುಖ್ಯ ಆರೋಪಿ ಅದೇ ಕಂಪನಿಯ ಹಳೆಯ ನೌಕರ. ಕೆಟ್ಟವರಿಗೆ ಮಾತ್ರ ನೋವು ಮಾಡುತ್ತೇನೆ, ಒಳ್ಳೆಯವರಿಗಲ್ಲ ಎಂಬರ್ಥದ ಮಾತನ್ನು ಆತ ಕೊಲೆಗೆ ಕೆಲವೇ ತಾಸು ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿಕೊಂಡಿದ್ದ ಎಂದು ಪತ್ರಿಕೆಗಳು ಬರೆದವು.

ಈ ಮಾತನ್ನು ಇನ್ನೊಮ್ಮೆ ಓದಿ. ಅದರಲ್ಲಿ ಯಾರ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ, ಕೊಲ್ಲುತ್ತೇನೆ ಎಂಬ ಶಬ್ದವೂ ಇಲ್ಲ. ಹೆಸರು ಹುಡುಕುವ ಸಾಫ್ಟ್‌ವೇರಿಗೆ ಇದು ಸಿಗುವುದೇ ಕಷ್ಟ. ಆತನಿಗೂ ಕಂಪನಿಗೂ ಏನು ಜಗಳ ಇತ್ತು ಎಂದು ಗೊತ್ತಿದ್ದ ಮನುಷ್ಯನಿಗೆ ಮಾತ್ರ ಅನುಮಾನ ಬರಬಹುದಿತ್ತು.

ಈಗ ಅದೇ ಸಾಫ್ಟ್‌ವೇರನ್ನು ನಮ್ಮ ಭಾಷೆಯ ಮುಂದೆ ಕೂರಿಸಿ. 'ನಿನ್ನ ಹೆಣಾ ಎತ್ಲಿ' ಎಂದು ನಮ್ಮಲ್ಲಿ ಗೆಳೆಯ ಗೆಳೆಯನಿಗೇ ಬೈತಾನೆ. ನಿಪ್ಪಾಣಿ ಕಡೆ ಮರಾಠಿಯಲ್ಲಿ 'ಮುಡದಾ ಬಶಿವಲಾ' ಅಂತಾರೆ. 'ಬೆಂಕಿ ಐತಲೇ' ಅಂದರೆ ಹೊಗಳಿಕೆ. 'ಇವರ ಕಾರ್ಖಾನಿಗೆ ಬೆಂಕಿ ಬೀಳ್ಲಿ' ಅಂದರೆ ಬಿಲ್ ಬಂದಿಲ್ಲ ಎಂದರ್ಥ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಓದುವವನಿಗೆ ಇವೆಲ್ಲ ಕೊಲೆ ಬೆದರಿಕೆಯಾಗಿ ಕಾಣುತ್ತವೆ. ನಿಜವಾಗಿ ಹೊಂಚು ಹಾಕುವವನು ಸುಮ್ಮನಿರುತ್ತಾನೆ, ಬಾಯಿ ಮಾಡುವ ರೈತ ಪಟ್ಟಿಗೆ ಸೇರುತ್ತಾನೆ.

ಪಟ್ಟಿಗೆ ಸೇರಿದರೆ ಏನಾಗುತ್ತದೆ ಎಂದು ಕಬ್ಬು ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಕಟಾವಿನ ಸರದಿ ಕಾರ್ಖಾನೆಯ ಕೈಯಲ್ಲಿದೆ. ಸರದಿ ತಿಂಗಳು ಮುಂದೆ ಹೋದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಯಾರೂ ಯಾವ ನೋಟಿಸನ್ನೂ ಕೊಡಬೇಕಾಗಿಲ್ಲ.

ಇದಕ್ಕೆ ಕಾನೂನು ಅಡ್ಡ ಬರುವುದಿಲ್ಲವೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. ವ್ಯಕ್ತಿಯೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನೀವು ಎಲ್ಲರಿಗೂ ಕಾಣುವಂತೆ ಹಾಕಿದ ಪೋಸ್ಟನ್ನು ಯಾರಾದರೂ ಕೂಡಿಟ್ಟುಕೊಂಡರೆ ಆ ಕಾಯ್ದೆ ಹಿಡಿದು ಪ್ರಶ್ನಿಸುವುದು ಕಷ್ಟ.

ಇತ್ತ ನಿಜವಾದ ಬೆದರಿಕೆಗೆ ಕಾನೂನು ಈಗಾಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಕೊಲ್ಲುವ ಬೆದರಿಕೆಗೆ 7 ವರ್ಷದವರೆಗೆ ಜೈಲು. ಹೆಸರು ಮರೆಸಿ ಬೆದರಿಸಿದರೆ ಅದರ ಮೇಲೆ ಇನ್ನೂ 2 ವರ್ಷದವರೆಗೆ ಶಿಕ್ಷೆ ಸೇರುತ್ತದೆ. ಯಾರಿಗೆ, ಎಲ್ಲಿ, ಯಾವಾಗ, ಹೇಗೆ ಎಂಬ ಸುಳಿವು ಮಾತಿನಲ್ಲಿದ್ದರೆ, ಮನೆ ವಿಳಾಸ ಹಂಚಿದ್ದರೆ, ಹಿಂಬಾಲಿಸಿದ್ದರೆ, ನೇರ ಠಾಣೆಗೆ ಹೋಗಲಿ. ಅದು ಎಂಡಿಗೆ ಇರುವ ಹಕ್ಕು. ಠಾಣೆಗೆ ಕೊಡುವಷ್ಟು ಗಟ್ಟಿ ಇಲ್ಲದ ಮಾತನ್ನು ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುವುದು ರಕ್ಷಣೆ ಅಲ್ಲ.

ಇನ್ನೊಂದು ಮಾತು ಯಾರೂ ಆಡುವುದಿಲ್ಲ. ಬೈಗುಳ ಎಂಡಿಯ ಬಗ್ಗೆ ಇರುತ್ತದೆ, ಅದನ್ನು ಎದುರಾಎದುರು ತಿನ್ನುವವರು ಕೆಳಗಿನವರು. ಗದ್ದೆಗೆ ಬರುವ ಕಬ್ಬಿನ ಅಧಿಕಾರಿ, ತೂಕದ ಕಾಟಾದಲ್ಲಿ ಕೂತ ಹುಡುಗ, ಸಾಲದ ಕಂತು ಕೇಳಲು ಬರುವ ಫೈನಾನ್ಸ್ ಸಿಬ್ಬಂದಿ. ಇವರ ಮೊಬೈಲ್ ನಂಬರ್ ಊರಿಗೆಲ್ಲ ಗೊತ್ತು, ಇವರ ಬೈಕಿಗೆ ಕಾವಲಿಲ್ಲ. ಮೆಟಾ ಕಂಪನಿ 2023ರಲ್ಲಿ ಮಾರ್ಕ್ ಜುಕರ್‌ಬರ್ಗ್ ಅವರ ಭದ್ರತೆಗೆ 2 ಕೋಟಿ ಡಾಲರಿಗಿಂತ ಹೆಚ್ಚು ಖರ್ಚು ಮಾಡಿತು. ರಕ್ಷಣೆ ಎಂದರೆ ಕುರ್ಚಿಯ ಎತ್ತರ ನೋಡಿ ಕೊಡುವುದಾದರೆ ಪೆಟ್ಟು ಬೀಳುವುದು ಇಂಥವರಿಗೇ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕೂತರು. ಮುಖ್ಯಮಂತ್ರಿ ಸಭೆ ಕರೆದು 3,300 ರೂಪಾಯಿ ಎಂದಾದ ಮೇಲೆ ಎದ್ದರು. ಆ ಸಿಟ್ಟು ಯಾರಿಗೂ ಗುಟ್ಟಾಗಿರಲಿಲ್ಲ, ಹುಡುಕಲು ಸಾಫ್ಟ್‌ವೇರೂ ಬೇಕಿರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು.

ಆದ್ದರಿಂದ ಆನ್‌ಲೈನ್ ನಿಗಾಕ್ಕೆ ಹಣ ಸುರಿಯಲು ಹೊರಡುವ ಯಾವುದೇ ಕಾರ್ಖಾನೆಯನ್ನು ಅದರ ಷೇರುದಾರ ರೈತರು ವಾರ್ಷಿಕ ಸಭೆಯಲ್ಲಿ ಮೂರು ಪ್ರಶ್ನೆ ಕೇಳಬೇಕು. ಯಾರ ಹೆಸರು ಬರೆದಿಟ್ಟುಕೊಳ್ಳುತ್ತೀರಿ, ಎಷ್ಟು ದಿನಕ್ಕೆ ಅಳಿಸುತ್ತೀರಿ? ಗದ್ದೆಗೆ ಬರುವ ನಿಮ್ಮ ಸಿಬ್ಬಂದಿಗೆ ಬೆದರಿಕೆ ಬಂದರೆ ಯಾರು ನಿಲ್ಲುತ್ತಾರೆ? 14 ದಿನದ ಬಿಲ್ ಎಲ್ಲಿ?